ದೂರು ಮತ್ತು ಅಹವಾಲು: ಭಟ್ಕಳ, ಹೊನ್ನಾವರ, ಕುಮಟೆಗಳ ರೋಗಿಯ ಮಾತನ್ನು ಓದುವ ಬಗೆ

ಇತಿಹಾಸದ ಅಭ್ಯಾಸಿಗಳಿಗೆ ಅರ್ಜಿಯೆಂಬುದು ಹೊಸ ಆಧಾರವೇನೂ ಅಲ್ಲ. ಶಾಸನಗಳು ಆಳಿದವರ ಮಾತನ್ನು ಹೇಳಿದರೆ, ಕಚೇರಿಯ ಕಡತಗಳಲ್ಲಿ ಉಳಿದುಬಂದ ಅರ್ಜಿಗಳು ಆಳಿಸಿಕೊಂಡವರ ಮಾತನ್ನು, ಅದೂ ಬಹುಮಟ್ಟಿಗೆ ಪರರ ಕೈಬರಹದಲ್ಲಿ, ನಮಗೆ ಮುಟ್ಟಿಸುತ್ತವೆ. ಕೆನರಾ ಜಿಲ್ಲೆಯು ಇನ್ನೂ ಇಬ್ಭಾಗವಾಗದೆ ಮದರಾಸು ಆಧಿಪತ್ಯಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಎಂದರೆ 1830-31ರಲ್ಲಿ, ರೈತರು ಕೂಟಗಳಾಗಿ ನೆರೆದು ಕಂದಾಯದ ಭಾರವನ್ನು ಕುರಿತು ಅರ್ಜಿಗಳನ್ನು ಸಲ್ಲಿಸಿದ ಸಂಗತಿ ವಾಚಕರಿಗೆ ತಿಳಿದಿದೆ. ಸ್ಟೋಕ್ಸ್ ಎಂಬ ಅಧಿಕಾರಿಯು ವಿಚಾರಣೆ ನಡೆಸಿ 1833ರಲ್ಲಿ ವರದಿ ಒಪ್ಪಿಸಿದನು. ಈ ಗದ್ದಲದ ಹಿಂದೆ ಕಚೇರಿಯೊಳಗಿನವರದೇ ಕೈವಾಡವುಂಟೆಂಬ ಅಭಿಪ್ರಾಯ ಅಂದಿನ ಅಧಿಕಾರಿವರ್ಗದಲ್ಲಿ ಬಲವಾಗಿತ್ತು. ದೂರು ಬಂದೊಡನೆ ದೂರಿನಲ್ಲೇನಿದೆ ಎನ್ನುವುದಕ್ಕೆ ಮುಂಚೆ ಅದನ್ನು ಬರೆಯಿಸಿದವರಾರು ಎಂದು ಕೇಳುವುದು ಕಚೇರಿಗಳ ಹಳೆಯ ಅಭ್ಯಾಸವೆಂಬುದಕ್ಕೆ ಇದೊಂದು ನಿದರ್ಶನ. ಮುಂದೆ ಕರಾವಳಿಯ ಅರಣ್ಯವ್ಯವಸ್ಥೆಯ ಮೇಲೆ ಜನರಿಗಿದ್ದ ಅಸಮಾಧಾನವು ದಶಕಗಳ ಕಾಲ ಅರ್ಜಿಗಳ ರೂಪದಲ್ಲಿ ಹರಿದು, ಕಾಲಿನ್ಸನ 1921ರ ಮಾರ್ಪಾಟುಗಳಿಗೆ ದಾರಿಯಾಯಿತು. ಭೂಮಿಯ ದೂರು, ಕಾಡಿನ ದೂರು ಹೀಗೆ ಆಡಳಿತವನ್ನು ಅಷ್ಟಿಷ್ಟು ತಿದ್ದಿದುದುಂಟು. ರೋಗಿಯ ದೂರನ್ನು ಇದೇ ಕಣ್ಣಿನಿಂದ ನೋಡಿದವರು ವಿರಳ. ಉತ್ತರ ಕನ್ನಡದ ತೆಂಕಣ ಕರಾವಳಿಯ ಮೂರು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ಆ ಪ್ರಯತ್ನವನ್ನು ನಾವಿಲ್ಲಿ ಕೈಗೊಂಡಿದ್ದೇವೆ.

ಮೊದಲು ಶಬ್ದಗಳ ವಿಚಾರ. ‘ದೂರು’ ಎಂಬುದು ಅಚ್ಚಗನ್ನಡದ ಮಾತು. ಹಳಗನ್ನಡದ ‘ದೂಱು’ ಎಂಬುದಕ್ಕೆ ನಿಂದಿಸು, ತಪ್ಪು ಹೊರಿಸು ಎಂದೇ ಅರ್ಥ. ಇದಕ್ಕೆ ಸಂವಾದಿಯಾಗಿ ಕಚೇರಿಯ ಭಾಷೆಯಲ್ಲಿ ಬಳಕೆಗೆ ಬಂದ ಮಾತುಗಳೆಲ್ಲ ಪಾರಸಿ-ಅರಬ್ಬಿ ಮೂಲದವು. ‘ಫಿರ್ಯಾದು’ ಎಂದರೆ ಮೊರೆ. ‘ತಕರಾರು’ ಎಂಬುದರ ಮೂಲಾರ್ಥ ಪುನರುಕ್ತಿ, ಹೇಳಿದ್ದನ್ನೇ ಮರಳಿ ಹೇಳುವುದು. ‘ಅಹವಾಲು’ ಎಂಬುದು ‘ಹಾಲ್’ ಎಂಬ ಅರಬ್ಬಿ ಶಬ್ದದ ಬಹುವಚನ, ಸ್ಥಿತಿಗತಿಗಳು ಎಂದು ಅದರ ಅರ್ಥ. ಅಹವಾಲು ಹೇಳಿಕೊಳ್ಳುವವನು ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ. ತನಗೊದಗಿದ ಸ್ಥಿತಿಯನ್ನು ತಿಳಿಸಿದರಾಯಿತು. ಒಂದೇ ಕಾಗದವನ್ನು ದೂರೆಂದು ಓದಿದರೆ ‘ಅಪರಾಧಿ ಯಾರು’ ಎಂಬ ಪ್ರಶ್ನೆಯೂ, ಅಹವಾಲೆಂದು ಓದಿದರೆ ‘ಆದದ್ದೇನು’ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಹತ್ತು ಕಾಗದಗಳು ಒಂದೇ ಮಾತನ್ನು ಹೇಳಿದಾಗ ಅದು ಮೂಲಾರ್ಥದ ತಕರಾರೇ ಸರಿ, ಮತ್ತು ಆ ಪುನರುಕ್ತಿಯಲ್ಲಿಯೇ ಹೆಚ್ಚಿನ ಬೆಲೆಯುಳ್ಳ ಮಾಹಿತಿ ಇರುತ್ತದೆ. ಈ ಶಬ್ದಚರ್ಚೆ ಕೇವಲ ವಿನೋದಕ್ಕಲ್ಲವೆಂಬುದು ಮುಂದೆ ವಿಶದವಾದೀತು.

ಇನ್ನು ನೆಲದ ವಿಚಾರ. ಉತ್ತರ ಕನ್ನಡವು 10,291 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ, ಬಹುಪಾಲು ಅಡವಿಯಿಂದ ಕೂಡಿದ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 14,37,169. ಜಿಲ್ಲಾಕೇಂದ್ರವಾದ ಕಾರವಾರವು ವಾಯವ್ಯದ ಮೂಲೆಯಲ್ಲಿದೆ. ಹೆದ್ದಾರಿಯ ಮೇಲೆ ತೆಂಕಣಕ್ಕೆ ಬಂದರೆ ಸುಮಾರು 70 ಕಿಲೋಮೀಟರಿಗೆ ಕುಮಟೆ, ಮತ್ತೆ 20ಕ್ಕೆ ಹೊನ್ನಾವರ, ಅಲ್ಲಿಂದ ಮತ್ತೆ 40ರ ಸುಮಾರಿಗೆ ಭಟ್ಕಳ. ಭಟ್ಕಳದಿಂದ ಉಡುಪಿ-ಮಣಿಪಾಲಗಳಿಗೆ ಸುಮಾರು 90 ಕಿಲೋಮೀಟರು. ಪ್ರತಿ ತಾಲೂಕಿಗೂ ಒಂದು ಸರ್ಕಾರಿ ಆಸ್ಪತ್ರೆಯುಂಟು, ಊರೂರಿಗೆ ಆರೋಗ್ಯಕೇಂದ್ರಗಳುಂಟು, ಖಾಸಗಿ ಆಸ್ಪತ್ರೆಗಳೂ ಉಂಟು. ಆದರೆ ತಲೆಗೆ ಪೆಟ್ಟಾದವನು, ಹೃದಯಾಘಾತವಾದವನು, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದವಳು, ಇವರ ಪಾಲಿಗೆ ಈ ಆಸ್ಪತ್ರೆಗಳು ಬಹುಕಾಲ ಒಂದು ತಂಗುದಾಣವಾಗಿದ್ದವೇ ಹೊರತು ಗಮ್ಯವಾಗಿರಲಿಲ್ಲ. ಸುತ್ತಲಿನ ವೈದ್ಯಕೀಯ ವಿದ್ಯಾಲಯಗಳನ್ನು ನೋಡಿರಿ. ಗೋವೆಯದು 1842ರಷ್ಟು ಹಳೆಯದು. ಮಣಿಪಾಲದ್ದು 1953ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಹುಟ್ಟಿದವು. ಮೂರೂ ಜಿಲ್ಲೆಯ ಹೊರಗೆ. ಜಿಲ್ಲೆಯೊಳಗೆ ವೈದ್ಯಕೀಯ ಶಿಕ್ಷಣ ಆರಂಭವಾದದ್ದು 2016ರಲ್ಲಿ, ಕಾರವಾರದಲ್ಲಿ. ಹೊನ್ನಾವರದವನಿಗೆ ಕಾರವಾರವು ಮಣಿಪಾಲಕ್ಕಿಂತ 40 ಕಿಲೋಮೀಟರು ಹತ್ತಿರ. ಆದರೂ ರೋಗಿಯನ್ನು ಹೊತ್ತ ವಾಹನಗಳು ತೆಂಕಣಕ್ಕೇ ಮುಖಮಾಡಿದವು. ದೂರವನ್ನು ಅಳೆಯುವ ಕೋಲು ಒಂದು, ನಂಬಿಕೆಯನ್ನು ಅಳೆಯುವ ಕೋಲು ಇನ್ನೊಂದು.

ಈ ಸ್ಥಿತಿ ಸಾರ್ವಜನಿಕ ದೂರಾಗಿ ಮಾರ್ಪಟ್ಟ ಬಗೆಯನ್ನು ಗಮನಿಸಬೇಕು. 2018ರ ಆರಂಭದಲ್ಲಿ ಗೋವೆಯ ಸರ್ಕಾರವು ತನ್ನ ವೈದ್ಯಕೀಯ ವಿದ್ಯಾಲಯದ ಆಸ್ಪತ್ರೆಯಲ್ಲಿ ಹೊರರಾಜ್ಯದ ರೋಗಿಗಳಿಂದ ಶುಲ್ಕ ಪಡೆಯತೊಡಗಿತು. ಬಡಗಣದ ಬಾಗಿಲು ಮುಚ್ಚದಿದ್ದರೂ ಕಿರಿದಾಯಿತು. 2019ರ ಜೂನ್ ತಿಂಗಳಲ್ಲಿ, ಜಿಲ್ಲೆಗೊಂದು ತುರ್ತುಚಿಕಿತ್ಸೆಯ ಆಸ್ಪತ್ರೆ ಬೇಕೆಂಬ ಕೂಗನ್ನು ಊರಿನಲ್ಲಿದ್ದ ಯುವಕರೂ, ಬೆಂಗಳೂರು ಮೊದಲಾದೆಡೆ ನೆಲಸಿದ್ದ ಜಿಲ್ಲೆಯವರೂ ಸಾಮಾಜಿಕ ಜಾಲತಾಣಗಳ ಮೂಲಕ ಎಬ್ಬಿಸಿದರು. ಭರವಸೆಗಳು ದೊರೆತವು. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯೊಬ್ಬರನ್ನು ಉಡುಪಿ ಜಿಲ್ಲೆಯ ಆಸ್ಪತ್ರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ವಾಹನವು ಭಟ್ಕಳ ದಾಟಿದೊಡನೆ ಸಿಗುವ ಶಿರೂರಿನ ಸುಂಕದ ಕಟ್ಟೆಯಲ್ಲಿ ಉರುಳಿ ನಾಲ್ವರು ಸತ್ತರು. ಆ ದೃಶ್ಯವನ್ನು ನಾಡೆಲ್ಲ ಕಂಡಿತು. ಬೇಡಿಕೆಯು ಮತ್ತೆ ತಲೆಯೆತ್ತಿ, ಆಸ್ಪತ್ರೆಯಿಲ್ಲದಿದ್ದರೆ ಮತವೂ ಇಲ್ಲವೆಂಬ ಘೋಷಣೆಯ ರೂಪವನ್ನು ತಳೆಯಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಸರ್ಕಾರವು ದೊಡ್ಡ ಆಸ್ಪತ್ರೆಯ ಸ್ಥಾಪನೆಗೆ ಒಪ್ಪಿಗೆಯ ಮಾತನಾಡಿತು. ಅಷ್ಟರಲ್ಲಿ ಅದು ಕಾರವಾರದಲ್ಲಾಗಬೇಕೋ, ಕುಮಟೆಯಲ್ಲೋ, ಘಟ್ಟದ ಮೇಲಣ ಶಿರಸಿಯಲ್ಲೋ ಎಂಬ ವಾದವೂ ಆರಂಭವಾಯಿತು.

ಈ ಬೇಡಿಕೆ ನ್ಯಾಯವಾದದ್ದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆಧಾರಗಳನ್ನು ಓದುವವರ ಕಣ್ಣಿಗೆ ಇಲ್ಲಿ ಒಂದು ಸಂಗತಿ ಬೀಳದೆ ಇರದು. ನೂರಾರು ಮನೆಗಳಲ್ಲಿ ನೂರಾರು ಬಗೆಯಾಗಿ ಒದಗಿದ ಕಷ್ಟಗಳೆಲ್ಲ ಸೇರಿ ಒಂದೇ ಬೇಡಿಕೆಯಾಗಿ, ಆ ಬೇಡಿಕೆಯು ಒಂದು ಕಟ್ಟಡವಾಗಿ, ಕಟ್ಟಡವು ಕಡೆಗೆ ಒಂದು ನಿವೇಶನದ ಪ್ರಶ್ನೆಯಾಗಿ ಕುಗ್ಗಿತು. ಚಳುವಳಿಗೆ ಇಂಥ ಏಕಾಗ್ರತೆ ಬೇಕು. ಇಲ್ಲದಿದ್ದರೆ ಯಾರೂ ಕಿವಿಗೊಡುವುದಿಲ್ಲ. ಕಂದಾಯದ ಕೂಟಗಳೂ ಬಗೆಬಗೆಯ ಸಂಕಟಗಳನ್ನು ರಿಯಾಯಿತಿಯೆಂಬ ಒಂದು ಮಾತಿನಲ್ಲಿ ಅಡಕಮಾಡಿದ್ದವು. ಆದರೆ ಹೀಗೆ ಅಡಕವಾದಾಗ ಬಿಟ್ಟುಹೋದುದೇನು ಎಂದು ಆಮೇಲಾದರೂ ಕೇಳಬೇಕಾಗುತ್ತದೆ. ‘ನಮ್ಮಲ್ಲಿ ಆಸ್ಪತ್ರೆಯಿಲ್ಲ’ ಎಂಬುದು ಇಲ್ಲದ್ದನ್ನು ಕುರಿತ ದೂರು. ‘ಇದ್ದ ಆಸ್ಪತ್ರೆಯಲ್ಲಿ ಹೀಗಾಯಿತು’ ಎಂಬುದು ಇದ್ದುದನ್ನು ಕುರಿತದ್ದು. ಮೊದಲನೆಯದು ಗಟ್ಟಿದನಿಯದು, ಎರಡನೆಯದು ಪಿಸುಮಾತಿನದು. ಗುಣಮಟ್ಟದ ಸುಧಾರಣೆಗೆ ಹೆಚ್ಚು ಒದಗುವುದು ಈ ಪಿಸುಮಾತು.

ಹೊರನಾಡುಗಳಲ್ಲಿ ಈ ವಿಷಯದ ಅಧ್ಯಯನ ಸಾಕಷ್ಟು ಮುಂದುವರಿದಿದೆ. ರೀಡರ್, ಗಿಲೆಸ್ಪಿ, ರಾಬರ್ಟ್ಸ್ ಎಂಬ ಲಂಡನ್ನಿನ ವಿದ್ವಾಂಸರು 2014ರಲ್ಲಿ ಅದುವರೆಗೆ ಪ್ರಕಟವಾಗಿದ್ದ 59 ಅಧ್ಯಯನಗಳನ್ನು ಒಟ್ಟುಗೂಡಿಸಿ, 88,069 ದೂರುಗಳನ್ನು ವಿಂಗಡಿಸಿದರು. ದೂರುಗಳು ಅವರ ಕಣ್ಣಿಗೆ ಮೂರು ಕಟ್ಟುಗಳಾಗಿ ಕಂಡವು: ಚಿಕಿತ್ಸೆಯನ್ನೂ ಸುರಕ್ಷತೆಯನ್ನೂ ಕುರಿತವು, ಆಸ್ಪತ್ರೆಯ ನಿರ್ವಹಣೆಯನ್ನು ಕುರಿತವು, ರೋಗಿಗೂ ಸಿಬ್ಬಂದಿಗೂ ನಡುವಣ ಸಂಬಂಧವನ್ನು ಕುರಿತವು. ಬಿಡಿಬಿಡಿಯಾಗಿ ನೋಡಿದಾಗ ಮೊದಲ ಸ್ಥಾನ ಚಿಕಿತ್ಸೆಗೆ, ಶೇಕಡ 15.6, ಅದರ ಬೆನ್ನಿಗೇ ಮಾತುಕತೆಗೆ, ಶೇಕಡ 13.7. ಎಂದರೆ ಶಸ್ತ್ರ ತಪ್ಪಿತೆಂಬ ದೂರಿಗೂ ‘ನಮಗೆ ಏನೂ ಹೇಳಲಿಲ್ಲ’ ಎಂಬ ದೂರಿಗೂ ಅಂತರ ಬಹಳವಿಲ್ಲ. ಆಸ್ಟ್ರೇಲಿಯಾದಲ್ಲಿ ಮೇರೀ ಬಿಸ್ಮಾರ್ಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಮುಖವನ್ನು ತೋರಿತು. ಸುಮಾರು 19,000 ದೂರುಗಳಲ್ಲಿ ಶೇಕಡ 49ರಷ್ಟು ವೈದ್ಯಸಮೂಹದ ಕೇವಲ ಶೇಕಡ 3 ಮಂದಿಯ ಮೇಲೆ ಬಂದಿದ್ದವು. ಬಿಡಿಯಾಗಿ ಓದಿದಾಗ ಪ್ರತಿಯೊಂದೂ ಒಬ್ಬ ಸಿಟ್ಟಿನ ಬಂಧುವಿನ ಮಾತೆಂದು ತೋರುವ ಕಾಗದಗಳೇ, ಕೂಡಿಸಿ ಓದಿದಾಗ ನೆರವು, ಮರುತರಬೇತಿ, ಮೇಲ್ವಿಚಾರಣೆ ಎಲ್ಲಿ ಬೇಕೆಂಬುದನ್ನು ತೋರುಬೆರಳಿನಿಂದ ತೋರಿಸುತ್ತವೆ.

ಕೂಡಿಸಿ ಓದದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯೇ ಸಾಕ್ಷಿ. ಅಲ್ಲಿ ಮುದುಕರ ಕೈಗೆ ನೀರು ಎಟುಕುತ್ತಿರಲಿಲ್ಲ, ಶೌಚಕ್ಕೆ ಕರೆದರೆ ಬರುವವರಿರಲಿಲ್ಲ ಎಂದು ಬಂಧುಗಳು ಬರೆಯುತ್ತಲೇ ಇದ್ದರು. ಆಡಳಿತದ ಗಮನವೆಲ್ಲ ಲೆಕ್ಕಪತ್ರದ ಮೇಲೆ, ಗುರಿಗಳ ಮೇಲೆ. ತನ್ನ ತಾಯಿಯನ್ನು ಅಲ್ಲಿ ಕಳೆದುಕೊಂಡ ಜೂಲೀ ಬೇಯ್ಲಿ ಎಂಬಾಕೆಯು 2007ರಲ್ಲಿ ಅಂಥ ಬಂಧುಗಳನ್ನು ಒಟ್ಟುಗೂಡಿಸಿದ ಬಳಿಕ ವಿಚಾರಣೆಗಳು ನಡೆದವು. 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ 290 ಶಿಫಾರಸುಗಳುಳ್ಳ ವರದಿಯನ್ನು ಒಪ್ಪಿಸಿದನು. ಇದ್ದ ಕಾಗದಗಳನ್ನು ಮೊದಲೇ ಓದಿದ್ದರೆ ಅಷ್ಟು ದೊಡ್ಡ ವರದಿಯ ಅಗತ್ಯವೇ ಬೀಳುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿಯೂ ಒಬ್ಬನ ಅಹವಾಲಿನಿಂದ ನಾಡಿಗೆಲ್ಲ ಅನ್ವಯಿಸುವ ಮಾತು ಹೊರಟ ನಿದರ್ಶನವುಂಟು. 1992ರ ಜುಲೈಯಲ್ಲಿ ಪಶ್ಚಿಮ ಬಂಗಾಳದ ಹಕೀಮ್ ಶೇಖ್ ಎಂಬ ಕೂಲಿಕಾರನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಕಲಕತ್ತೆಯ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಎಲ್ಲಿಯೂ ಹಾಸಿಗೆ ದೊರೆಯದೆ, ಕಡೆಗೆ ಹಣ ತೆತ್ತು ಖಾಸಗಿಯಲ್ಲಿ ಗುಣಪಡಿಸಿಕೊಂಡನು. ಅವನ ಪರವಾಗಿ ಕೃಷಿ ಕೂಲಿಕಾರರ ಸಂಘವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1996ರ ತೀರ್ಪು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಆ ಹಣಕ್ಕಿಂತ ಮುಖ್ಯವಾದದ್ದು, ತುರ್ತುಚಿಕಿತ್ಸೆಯ ನಿರಾಕರಣೆಯು ಜೀವಿಸುವ ಹಕ್ಕಿನ ಉಲ್ಲಂಘನೆಯೆಂಬ ನಿರ್ಣಯ. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು ತೀರ್ಪಿನ ಸೂಚನೆಗಳು: ಕೆಳಹಂತದ ಕೇಂದ್ರಗಳಲ್ಲಿಯೇ ಸ್ಥಿತಿಯನ್ನು ಸ್ಥಿರಗೊಳಿಸುವ ಸೌಕರ್ಯವಿರಬೇಕು, ಎಲ್ಲಿ ಹಾಸಿಗೆ ತೆರವಾಗಿದೆಯೆಂದು ತಿಳಿಯುವ ಕೇಂದ್ರೀಯ ಸಂಪರ್ಕವ್ಯವಸ್ಥೆ ಇರಬೇಕು, ರೋಗಿಯನ್ನು ಸಾಗಿಸಲು ಸಜ್ಜಾದ ವಾಹನವಿರಬೇಕು. ನ್ಯಾಯಾಲಯವು ದೂರನ್ನು ಆಲಿಸಿತು, ಅಹವಾಲನ್ನೂ ಓದಿತು.

ಈಗ ನಮ್ಮ ಮೂರು ತಾಲೂಕುಗಳ ರೋಗಿಯು ತನ್ನ ಅಹವಾಲನ್ನು ಎಲ್ಲಿ ಸಲ್ಲಿಸಬೇಕು? ಹಣ ತೆತ್ತು ಪಡೆದ ಚಿಕಿತ್ಸೆಯಾದರೆ ಗ್ರಾಹಕ ನ್ಯಾಯದ ಬಾಗಿಲುಂಟು. 1995ರ ಶಾಂತಾ ಪ್ರಕರಣದ ತೀರ್ಪು ಇದನ್ನು ಖಚಿತಪಡಿಸಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯು ಮಾತ್ರ ಆ ಕಾನೂನಿನ ವ್ಯಾಪ್ತಿಗೆ ಬಾರದೆಂದು ಅದೇ ತೀರ್ಪು ಹೇಳಿತು. ಖಾಸಗಿ ಆಸ್ಪತ್ರೆಗಳನ್ನು ಕುರಿತು 2007ರ ಕರ್ನಾಟಕದ ಅಧಿನಿಯಮವುಂಟು. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರ ಮುಷ್ಕರದಿಂದ ನಾಡು ತತ್ತರಿಸಿದ ಬಳಿಕ ಅಂಗೀಕೃತವಾದ ಅದರ ತಿದ್ದುಪಡಿಯು ರೋಗಿಗಳ ಸನ್ನದನ್ನೂ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕುಂದುಕೊರತೆಗಳನ್ನು ಆಲಿಸುವ ಪ್ರಾಧಿಕಾರವನ್ನೂ ತಂದಿತು. ಸರ್ಕಾರಿ ಆಸ್ಪತ್ರೆ ಅದರ ಹೊರಗುಳಿಯಿತು. ಹೀಗಾಗಿ ತಾಲೂಕು ಆಸ್ಪತ್ರೆಯ ಬಡ ರೋಗಿಯ ಪಾಲಿಗೆ ಉಳಿದದ್ದು ಇಲಾಖೆಯ ಮೇಲಧಿಕಾರಿ, 104ರ ಸಹಾಯವಾಣಿ, ಲೋಕಾಯುಕ್ತ, ಅಥವಾ ಪತ್ರಿಕೆಯ ಸ್ಥಳೀಯ ಬಾತ್ಮೀದಾರ. ನಮ್ಮ ಕರಾವಳಿಯಲ್ಲಿ ಇವರೆಲ್ಲರಿಗಿಂತ ಕಡೆಯವನೇ ಹೆಚ್ಚು ಸುಲಭವಾಗಿ ಸಿಕ್ಕುವವನು.

ಇಲ್ಲಿಯ ಭೂಗೋಲ ಇನ್ನೊಂದು ತೊಡಕನ್ನು ಸೇರಿಸಿದೆ. ಭಟ್ಕಳದ ರೋಗಿಯು ತೆಂಕಣಕ್ಕೆ ಹೋಗುತ್ತಾನೆ. ಅವನ ದೂರು ಬಡಗಣಕ್ಕೆ, 130 ಕಿಲೋಮೀಟರು ದೂರದ ಕಾರವಾರಕ್ಕೆ ಹೋಗಬೇಕು. ಉಡುಪಿಯ ಆಸ್ಪತ್ರೆಯ ಮೇಲಣ ದೂರಾದರೆ ಅದು ಮತ್ತೊಂದು ಜಿಲ್ಲೆಯ ಪ್ರಾಧಿಕಾರಕ್ಕೆ ಸಂಬಂಧಿಸಿದ್ದು. ಹೊನ್ನಾವರದಲ್ಲಿ ಅರ್ಧ ಗಂಟೆ, ದಾರಿಯಲ್ಲಿ ಎರಡು ಗಂಟೆ, ಮಣಿಪಾಲದಲ್ಲಿ ಹತ್ತು ದಿನ ಕಳೆದವನ ಕಷ್ಟವು ಒಂದೇ ಆಗಿದ್ದರೂ ಅದರ ಕಾಗದಗಳು ಎರಡು ಜಿಲ್ಲೆಗಳಲ್ಲಿ ಹಂಚಿಹೋಗುತ್ತವೆ. ಮರಣವು ಸಂಭವಿಸಿದರೆ ಅದು ದಾಖಲಾಗುವುದು ಸಂಭವಿಸಿದ ಸ್ಥಳದಲ್ಲಿ. ಕಳುಹಿಸಿಕೊಟ್ಟ ಆಸ್ಪತ್ರೆಯ ವಹಿಯಲ್ಲಿ ಉಳಿಯುವುದು ‘ಮೇಲಿನ ಆಸ್ಪತ್ರೆಗೆ ಕಳುಹಿಸಲಾಯಿತು’ ಎಂಬ ಒಂದು ಸಾಲು. ಆ ಸಾಲಿನ ಮುಂದೇನಾಯಿತು? ಬರೆದ ವೈದ್ಯನಿಗೆ ಅದನ್ನು ತಿಳಿಸುವುದು ಯಾರ ಕರ್ತವ್ಯವೂ ಆಗಿಲ್ಲ. ತನ್ನ ನಿರ್ಧಾರ ಸಮಯಕ್ಕೆ ಸರಿಯಾಗಿತ್ತೋ ತಡವಾಯಿತೋ ಎಂದು ಅರಿಯುವ ದಾರಿ ಅವನಿಗಿಲ್ಲ. ಹೀಗಿರಲಾಗಿ, ರೋಗಿಯ ಮನೆಯವರ ದೂರೊಂದೇ ಎರಡು ತುದಿಗಳನ್ನೂ ಕಂಡ ದಾಖಲೆ. ದಾರಿಯುದ್ದಕ್ಕೂ ಜೊತೆಗಿದ್ದವರು ಅವರು ಮಾತ್ರ.

‘ನೋಡದೆ ಕಳುಹಿಸಿಬಿಟ್ಟರು’ ಎಂಬುದು ಈ ಪ್ರದೇಶದಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು. ಇದನ್ನು ದೂರೆಂದು ಓದಿದರೆ, ವೈದ್ಯನು ಹೊಣೆ ಜಾರಿಸಿಕೊಂಡನೆಂಬ ಆರೋಪ. ಸೌಕರ್ಯವಿಲ್ಲದ ಕಡೆ ನಾನೇನು ಮಾಡಲಿ ಎಂಬುದು ಅದಕ್ಕೆ ಉತ್ತರ. ವಿಷಯ ಅಲ್ಲಿಗೆ ಮುಗಿಯಿತು. ಅಹವಾಲೆಂದು ಓದಿದರೆ ಅದೇ ಮಾತು ಹಲವು ಪ್ರಶ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ರೋಗಿ ಬಾಗಿಲಿಗೆ ಬಂದದ್ದಕ್ಕೂ ಕಳುಹಿಸುವ ನಿರ್ಧಾರಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತು? ಹೊರಡುವ ಮುನ್ನ ರಕ್ತಸ್ರಾವ ತಡೆಯಲು, ಉಸಿರಾಟ ಸುಗಮಗೊಳಿಸಲು ಏನಾದರೂ ಮಾಡಿದ್ದುಂಟೆ? ತಲಪಬೇಕಾದ ಆಸ್ಪತ್ರೆಗೆ ದೂರವಾಣಿಯಲ್ಲಿ ತಿಳಿಸಿ, ಹಾಸಿಗೆ ಇದೆಯೆಂದು ಖಚಿತಪಡಿಸಿಕೊಂಡರೆ? ವಾಹನದಲ್ಲಿ ಆಮ್ಲಜನಕವೂ ತರಬೇತಾದವರೂ ಇದ್ದರೆ? ಯಾಕೆ ಕಳುಹಿಸುತ್ತಿದ್ದೇವೆಂದು ಮನೆಯವರಿಗೆ ಅವರ ಮಾತಿನಲ್ಲಿ ಹೇಳಿದರೆ? ಈ ಪ್ರಶ್ನೆಗಳಲ್ಲಿ ಯಾವುದಕ್ಕೂ ನೂರಾರು ಕೋಟಿಯ ಕಟ್ಟಡ ಬೇಕಾಗಿಲ್ಲ. ಒಂದಕ್ಕೆ ಗಡಿಯಾರ ಬೇಕು, ಒಂದಕ್ಕೆ ದೂರವಾಣಿ, ಒಂದಕ್ಕೆ ದಾದಿಯ ತರಬೇತಿ, ಕಡೆಯದಕ್ಕೆ ಐದು ನಿಮಿಷದ ವ್ಯವಧಾನ. ದೊಡ್ಡ ಆಸ್ಪತ್ರೆ ಕುಮಟೆಯಲ್ಲೇ ಎದ್ದರೂ ಭಟ್ಕಳದ ರೋಗಿಗೆ 60 ಕಿಲೋಮೀಟರಿನ ದಾರಿ ಇದ್ದೇ ಇರುತ್ತದೆ. ಈ ಪ್ರಶ್ನೆಗಳೂ ಇದ್ದೇ ಇರುತ್ತವೆ.

ಕೇಂದ್ರ ಸರ್ಕಾರವು 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ಹೆಸರಿನಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳಿದವರ ಅಭಿಪ್ರಾಯವನ್ನು ದೂರವಾಣಿ ಮೊದಲಾದ ಮಾರ್ಗಗಳಿಂದ ಸಂಗ್ರಹಿಸುವ ಏರ್ಪಾಡು ಮಾಡಿತು. ಅಸಮಾಧಾನಕ್ಕೆ ಕಾರಣಗಳನ್ನು ಸಿಬ್ಬಂದಿಯ ವರ್ತನೆ, ಶುಚಿತ್ವ, ಖರ್ಚು, ಚಿಕಿತ್ಸೆಯ ಗುಣ, ಇತರ ಎಂದು ವಿಂಗಡಿಸಲಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಉತ್ತರ ಕನ್ನಡದ ಮುಖ್ಯ ಅಹವಾಲು ಈ ಐದರಲ್ಲಿ ಯಾವುದರಡಿ ಬರಬೇಕು? ‘ಇತರ’ ಎಂಬ ಕೊನೆಯ ಗೂಡಿನಲ್ಲಿ. ದಾಖಲೆಗಳೊಡನೆ ಬಾಳಿದವರಿಗೆಲ್ಲ ತಿಳಿದ ಮಾತಿದು: ‘ಇತರ’ ಎಂದು ಬರೆದ ಕಡತವನ್ನು ಬಿಚ್ಚುವವರು ಕಡಿಮೆ, ಬಿಚ್ಚಿದವರಿಗೆ ಸಿಕ್ಕುವುದು ಹೆಚ್ಚು.

ಇನ್ನು ಮೌನದ ವಿಚಾರ. ಅರ್ಜಿಗಳನ್ನು ಆಧಾರವಾಗಿ ಬಳಸುವವನು ಅರ್ಜಿ ಬರೆಯದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಣಂತಿಯಾಗಿ ಬೈಸಿಕೊಂಡ ಹೆಂಗಸು ದೂರು ಬರೆಯುವುದಿಲ್ಲ. ಮುಂದಿನ ಹೆರಿಗೆಗೂ ಅಲ್ಲಿಗೇ ಹೋಗಬೇಕಾದೀತೆಂಬ ಅಳುಕು. ಹಾಲಕ್ಕಿ ಒಕ್ಕಲಿಗರ ಕೇರಿಯ ಮುದುಕನಿಗೂ ಬಂದರಿನ ಮೀನುಗಾರನಿಗೂ ದೂರಿನ ನಮೂನೆ ಎಲ್ಲಿ ಸಿಕ್ಕುತ್ತದೆಂದೇ ತಿಳಿಯದು. ಭಟ್ಕಳದಲ್ಲಿ ನವಾಯತಿ, ಕೊಂಕಣಿ, ಕನ್ನಡ, ದಖ್ಖನಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮೂನೆ ಮಾತ್ರ ಕಚೇರಿಗನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಆಸ್ಪತ್ರೆಯೊಂದರ ಗೋಡೆಯಲ್ಲಿದ್ದ ಸಲಹಾ ಪೆಟ್ಟಿಗೆಯನ್ನು ನಾವು ನೋಡಿದ್ದೇವೆ. ಬೀಗ ಚೆನ್ನಾಗಿಯೇ ಇತ್ತು. ಬೀಗದ ಕೈ ಯಾರಲ್ಲಿದೆಯೆಂದು ಕೇಳಿದಾಗ ಅಲ್ಲಿದ್ದ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ದೂರಿಗೆ ಬದಲು ಜನ ಬೇರೆ ರೀತಿಯಲ್ಲಿಯೂ ಮಾತನಾಡುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅಡವಿಯಲ್ಲಿ ಗುರುತಿಸಲ್ಪಟ್ಟು, ಮುಂದೆ ಹೊನ್ನಾವರ ಕುಮಟೆಗಳ ಕಾಡಂಚಿಗೂ ಹಬ್ಬಿದ ಮಂಗನ ಕಾಯಿಲೆಯ ಲಸಿಕೆ ಇದಕ್ಕೆ ನಿದರ್ಶನ. ಚುಚ್ಚಿದ ಜಾಗ ಬಹಳ ನೋಯುತ್ತದೆ, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು, ಚುಚ್ಚಿಸಿಕೊಂಡವರಿಗೂ ಜ್ವರ ಬಂದಿದೆ ಎಂದು ಜನ ಲಸಿಕೆಗೆ ಬರಲು ಹಿಂಜರಿದರು. ಅದನ್ನು ಅಜ್ಞಾನವೆಂದು ಕರೆದವರುಂಟು. 2005ರಿಂದ 2010ರವರೆಗಿನ ಶಿವಮೊಗ್ಗದ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡು ಬಾರಿ ಚುಚ್ಚಿಸಿಕೊಂಡವರಲ್ಲಿ ರಕ್ಷಣೆ ಶೇಕಡ 62ರಷ್ಟು ಮಾತ್ರ. ಬಳಿಕದ ಪುನರ್ಲಸಿಕೆಯನ್ನೂ ಪಡೆದವರಲ್ಲಿ ಶೇಕಡ 83. ಕಡೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಬಾರದೆ ಉಳಿದವರ ಎಲ್ಲ ಕಾರಣಗಳೂ ಸರಿಯೆಂದು ನಾವು ಹೇಳುತ್ತಿಲ್ಲ. ಲಸಿಕೆ ಪಡೆಯದೆ ಸತ್ತವರೂ ಇದ್ದಾರೆ. ಆದರೆ ಆ ಗೈರುಹಾಜರಿಯನ್ನು ಹಠವೆಂದು ತಳ್ಳಿಹಾಕದೆ ಅಹವಾಲೆಂದು ಬರೆದಿಟ್ಟುಕೊಂಡಿದ್ದರೆ ಲಸಿಕೆಯ ದೌರ್ಬಲ್ಯ ಇನ್ನೂ ಮೊದಲೇ ಚರ್ಚೆಗೆ ಬರುತ್ತಿತ್ತು.

ಹೊರಟುಹೋಗುವುದೂ ಒಂದು ಮಾತೇ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞನು 1970ರ ತನ್ನ ಗ್ರಂಥದಲ್ಲಿ, ಸಂಸ್ಥೆಯೊಂದು ಕೆಟ್ಟಾಗ ಜನರಿಗೆ ಎರಡು ದಾರಿಗಳೆಂದನು: ಬಿಟ್ಟುಹೋಗುವುದು, ಇಲ್ಲವೆ ಇದ್ದು ದನಿಯೆತ್ತುವುದು. ದನಿಯೆತ್ತಬಲ್ಲವರೇ ಮೊದಲು ಬಿಟ್ಟುಹೋದರೆ ಸಂಸ್ಥೆ ತಿದ್ದಿಕೊಳ್ಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಆದದ್ದು ಇದೇ. ಓದುಬರಹವೂ ಕಾಸೂ ಉಳ್ಳವರಿಗೆ ತೆಂಕಣದ ದೊಡ್ಡ ಆಸ್ಪತ್ರೆಗಳು ಕೈಗೆಟುಕುವ ದೂರದಲ್ಲಿದ್ದುದರಿಂದ ತಾಲೂಕು ಆಸ್ಪತ್ರೆಯ ಸುಧಾರಣೆ ಅವರ ಚಿಂತೆಯಾಗಲಿಲ್ಲ. 2020ರ ವಸಂತದಲ್ಲಿ ಕೊರೋನಾ ಸೋಂಕು ಭಟ್ಕಳದಲ್ಲಿ ಕಾಣಿಸಿಕೊಂಡಾಗ ಜಿಲ್ಲೆಗಳ ಗಡಿಗಳಲ್ಲಿ ತಡೆಗಳೆದ್ದವು. ಆರಂಭದ ಸೋಂಕಿತರನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಒಯ್ಯಲಾಯಿತು. ಉಳ್ಳವರೂ ಇಲ್ಲದವರೂ ಒಂದೇ ದಾರಿಯಲ್ಲಿ ನಿಂತದ್ದು ಆಗ. 2022ರ ಕೂಗಿನಲ್ಲಿ ಎಲ್ಲ ವರ್ಗದವರ ದನಿಯೂ ಸೇರಿದ್ದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬಹುದೆಂದು ನಮ್ಮ ಊಹೆ.

ವೈದ್ಯರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಬ್ಬರು ಮಾಡುವ ಕೆಲಸವನ್ನು ಒಬ್ಬನೇ ಹೊತ್ತಿರುವ ತಾಲೂಕು ವೈದ್ಯನಿಗೆ ದೂರೆಂದರೆ ವರ್ಗಾವಣೆ, ವಿಚಾರಣೆ, ಕೆಲವೊಮ್ಮೆ ಹೊಡೆತ. 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಆಸ್ಪತ್ರೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿಯಿತ್ತಾಗ ಹಾಜರಿ ಸುಧಾರಿಸಿತು, ಲಂಚಕ್ಕೆ ಹೆದರಿಕೆ ಹುಟ್ಟಿತು. ಲಂಚದ ದೂರಿಗೆ ಆ ಮದ್ದೇ ತಕ್ಕದ್ದು. ಆದರೆ ತಡವಾದ ನಿರ್ಧಾರ, ಹೇಳದೆ ಉಳಿದ ಮಾತು ಇವುಗಳಿಗೆ ಅದು ಮದ್ದಲ್ಲ. ಅಂಜಿದ ವೈದ್ಯನು ಇನ್ನೂ ಬೇಗ ರೋಗಿಯನ್ನು ಮುಂದಕ್ಕೆ ಸಾಗಿಸುತ್ತಾನೆ. ಶಿಕ್ಷೆಯ ವಹಿಯೂ ಕಲಿಕೆಯ ವಹಿಯೂ ಬೇರೆ ಬೇರೆಯಾಗಿರಬೇಕೆಂಬುದು ಇದರಿಂದ ಫಲಿಸುತ್ತದೆ.

ಕಲಿಕೆಯ ವಹಿ ಹೇಗಿರಬೇಕು? ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿಯೆಂಬುದು ಈಗಾಗಲೇ ಉಂಟು. ಹೊಸ ಸಂಸ್ಥೆ ಬೇಡ. ಹೊರಗೆ ಕಳುಹಿಸಿದ ಪ್ರತಿ ರೋಗಿಯ ಮನೆಗೆ ಹದಿನೈದು ದಿನಗಳ ಬಳಿಕ ಒಬ್ಬ ಆಶಾ ಕಾರ್ಯಕರ್ತೆ ಹೋಗಿ ಏನಾಯಿತೆಂದು ಕೇಳಿ ಬರೆದುಕೊಂಡರೆ ವಹಿ ಆರಂಭವಾದಂತೆ. ಅವರ ಮೇಲೆ ಈಗಾಗಲೇ ಹೇರಿರುವ ಕೆಲಸವನ್ನು ನೋಡಿದರೆ ಇದಕ್ಕೆ ಪ್ರತ್ಯೇಕ ಗೌರವಧನ ಕೊಡುವುದು ನ್ಯಾಯ. ಬಂದ ವೇಳೆ, ಹೊರಟ ವೇಳೆ, ತಲಪಿದ ಸ್ಥಳ, ಫಲಿತಾಂಶ, ಇಷ್ಟು ಅಂಕಣಗಳು ಸಾಕು. ಐದನೆಯ ಅಂಕಣವನ್ನು ಅಗಲವಾಗಿ ಬಿಟ್ಟು, ಅದರಲ್ಲಿ ಮನೆಯವರ ಮಾತನ್ನು ಅವರು ಆಡಿದಂತೆಯೇ, ನವಾಯತಿಯಾದರೆ ನವಾಯತಿಯಲ್ಲಿ, ಹಾಲಕ್ಕಿಗನ್ನಡವಾದರೆ ಹಾಲಕ್ಕಿಗನ್ನಡದಲ್ಲಿ, ತಿದ್ದದೆ ಬರೆದುಕೊಳ್ಳಬೇಕು. ತಿಂಗಳಿಗೊಮ್ಮೆ ವೈದ್ಯರೂ ದಾದಿಯರೂ ವಾಹನದ ಚಾಲಕರೂ ಕುಳಿತು ಆ ವಹಿಯನ್ನು ಗಟ್ಟಿಯಾಗಿ ಓದಬೇಕು. ಅದರ ಒಂದು ಪ್ರತಿ ಉಡುಪಿ ಜಿಲ್ಲೆಯ ಆಸ್ಪತ್ರೆಗಳಿಗೂ ಹೋಗಬೇಕು, ಅಲ್ಲಿಂದ ಉತ್ತರವೂ ಬರಬೇಕು. ಈ ಮೂರು ಊರುಗಳ ಕಾಲೇಜುಗಳ ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಆ ಐದನೆಯ ಅಂಕಣವನ್ನು ವಿಂಗಡಿಸುವ ಕೆಲಸಕ್ಕೆ, ಹೆಸರುಗಳನ್ನು ಮರೆಮಾಡಿದ ಪ್ರತಿಗಳಿಂದ, ನೆರವಾಗಬಲ್ಲರು. ಕಂದಾಯದ ಹಳೆಯ ಅರ್ಜಿಗಳನ್ನು ಓದಲು ಅವರಿಗೆ ನಾವು ಕಲಿಸುವ ವಿಧಾನಕ್ಕಿಂತ ಬೇರೆಯಾದ ವಿಧಾನವೇನೂ ಇದಕ್ಕೆ ಬೇಕಾಗಿಲ್ಲ.